ಟಿಎಂಸಿ ಲೆಕ್ಕದಲ್ಲಿ ಮೀನಿಗೂ ಒಂದು ಸಾಲು: ತುಂಗಭದ್ರಾ ಜಲಾಶಯದ ಮೀನುಗಾರರ ಹಕ್ಕೊತ್ತಾಯ ಪತ್ರ

ಇವರಿಗೆ: ತುಂಗಭದ್ರಾ ಮಂಡಳಿಯ ಅಧ್ಯಕ್ಷರು, ಟಿ.ಬಿ. ಡ್ಯಾಂ, ಮೀನುಗಾರಿಕೆ ಸಚಿವರು, ಕರ್ನಾಟಕ ಸರ್ಕಾರ, ನೀರಾವರಿ ಸಲಹಾ ಸಮಿತಿಯ ಅಧ್ಯಕ್ಷರು, ಮುನಿರಾಬಾದ್, ವಿಜಯನಗರ ಮತ್ತು ಕೊಪ್ಪಳ ಜಿಲ್ಲಾಧಿಕಾರಿಗಳು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ.

ಇವರಿಂದ: ಜಲಾಶಯದ ಎರಡೂ ದಂಡೆಯ ಮೀನುಗಾರ ಕುಟುಂಬಗಳು ಹಾಗೂ ಮೀನು ಮಾರುವ ಹೆಣ್ಣುಮಕ್ಕಳು.

ಮಾನ್ಯರೇ,

ಡ್ಯಾಮಿನಲ್ಲಿ ಇವತ್ತು ಎಷ್ಟು ನೀರಿದೆ ಎಂದು ಮಳೆಗಾಲದಲ್ಲಿ ಹೊಸಪೇಟೆಯ ಯಾವ ಚಹಾ ಅಂಗಡಿಯಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಒಳಹರಿವು ಎಷ್ಟು ಕ್ಯುಸೆಕ್, 1,633 ಅಡಿ ಮುಟ್ಟಲು ಇನ್ನೆಷ್ಟು ಬಾಕಿ, ಎಲ್ಲವೂ ಬಾಯಿಪಾಠ. ಎಡದಂಡೆ ಕಾಲುವೆಗೆ ಇಷ್ಟು, ಬಲದಂಡೆಯ ಮೇಲ್ಮಟ್ಟದ ಕಾಲುವೆಗೆ ಇಷ್ಟು, ಕೆಳಮಟ್ಟದ ಕಾಲುವೆಗೆ ಇಷ್ಟು, ಕರ್ನಾಟಕಕ್ಕೆ, ಆಂಧ್ರಕ್ಕೆ, ತೆಲಂಗಾಣಕ್ಕೆ ಇಷ್ಟಿಷ್ಟು ಎಂದು ಹಂಚಿದ್ದಾರೆ. ಬಿಸಿಲಿಗೆ ಆವಿಯಾಗಿ ಹೋಗುವ ನೀರಿಗೂ ಆ ಲೆಕ್ಕದಲ್ಲಿ ಒಂದು ಸಾಲಿದೆ. ನೀರಿನ ಒಳಗೇ ಬದುಕುವ ಮೀನಿಗೆ ಮಾತ್ರ ಇಲ್ಲ.

ಈ ಪತ್ರ ಬರೆಯಲು ಕಾರಣ ಅದೊಂದೇ. ಮುಂದೆ ಬರುವ ಎಲ್ಲ ಬೇಡಿಕೆಗಳೂ ಆ ಒಂದು ಸಾಲಿಗಾಗಿ.

1953ರಲ್ಲಿ ಇಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿದವು, 54 ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದರು. ನಾರಾಯಣದೇವರ ಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ಮನೆ ಕಟ್ಟಿದರು. ಹೊಲ ಹೋದವರಲ್ಲಿ ಕೆಲವರು ಬಲೆ ಹಿಡಿದರು. ಹಿಂದಿನಿಂದಲೂ ಹೊಳೆಯನ್ನೇ ನಂಬಿದ್ದ ಬೆಸ್ತರು, ಅಂಬಿಗರು ಹೊಳೆ ಹೋಗಿ ಸಮುದ್ರದಂಥದ್ದು ಬಂದ ಮೇಲೆ ಅದಕ್ಕೆ ತಕ್ಕ ಬಲೆ ಹೆಣೆಯಲು ಕಲಿತರು. ತೆಲುಗು ಸೀಮೆಯಿಂದ ಕೆಲಸಕ್ಕೆಂದು ಬಂದ ಕುಟುಂಬಗಳೂ ಇಲ್ಲೇ ನೆಲೆಯೂರಿದವು. ತುಂಬಿದಾಗ 378 ಚದರ ಕಿಲೋಮೀಟರ್ ಹರಡುವ ಈ ನೀರನ್ನು ಮನುಷ್ಯ ಮಾಡಿದ್ದು ನಿಜ. ಅದರೊಳಗಿನ ಮೀನನ್ನು ಮನುಷ್ಯ ಮಾಡಿಲ್ಲ. ಅದರಲ್ಲಿ ಹೆಚ್ಚಿನದು ಹರಿಯುವ ನೀರಿನ ಮೀನು. ತತ್ತಿ ಇಡಲು ಅದಕ್ಕೆ ಹೊಸ ನೀರು, ಹರಿವು, ಜಲ್ಲಿಕಲ್ಲಿನ ತಳ ಬೇಕು. ನಿಂತ ನೀರಿನಲ್ಲಿ ಬೆಳೆಯುತ್ತದೆ, ಸಂಸಾರ ಮಾಡುವುದಿಲ್ಲ. ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ಹಿಡಿಯದ ಕಾರಣಕ್ಕೆ ಅರ್ಧ ತೊಂದರೆ ಬಂದಿದೆ. ಉಳಿದರ್ಧ ನಮ್ಮ ಬಲೆ, ನಿಮ್ಮ ಕಡತ, ಮೇಲಿನವರ ಕೊಳಚೆ ಎಲ್ಲ ಸೇರಿ ಆದದ್ದು. ನಮ್ಮ ಪಾಲನ್ನೂ ಮುಂದೆ ಹೇಳಿದ್ದೇವೆ.

ನಮ್ಮ ಹಕ್ಕೊತ್ತಾಯಗಳು:

1. ನೀರಾವರಿ ಸಲಹಾ ಸಮಿತಿಯಲ್ಲಿ ಮೀನುಗಾರರಿಗೆ ಎರಡು ಸ್ಥಾನ ಕೊಡಬೇಕು, ಅದರಲ್ಲಿ ಒಂದು ಹೆಣ್ಣುಮಗಳಿಗೆ.

ಯಾವ ಕಾಲುವೆಗೆ ಯಾವ ತಾರೀಖಿನಿಂದ ಎಷ್ಟು ನೀರು ಎಂಬುದು ಈ ಸಮಿತಿಯಲ್ಲಿ ತೀರ್ಮಾನವಾಗುತ್ತದೆ. ಸಚಿವರು, ಶಾಸಕರು, ಎಂಜಿನಿಯರುಗಳು ಕೂತು ಮಾತಾಡುತ್ತಾರೆ. ಭತ್ತ, ಮೆಣಸಿನಕಾಯಿ, ಕುಡಿಯುವ ನೀರು, ಕಾರ್ಖಾನೆ, ವಿದ್ಯುತ್ತು ಎಲ್ಲದರ ಮಾತೂ ಬರುತ್ತದೆ. ನೀರಿನ ಮಟ್ಟ ಒಂದೇ ವಾರದಲ್ಲಿ ಸರ್ರನೆ ಇಳಿದರೆ ದಂಡೆಯ ಹುಲ್ಲಿಗೆ ಅಂಟಿದ ತತ್ತಿ ಬಿಸಿಲಿಗೆ ಒಣಗುತ್ತದೆ ಎಂದು ಹೇಳುವವರು ಅಲ್ಲಿ ಒಬ್ಬರೂ ಇರುವುದಿಲ್ಲ. ಆ ಮಾತು ಹೇಳಲು ನಾವು ಬೇಕು. ಕೇವಲ ಆಹ್ವಾನಿತರಾಗಿ ಹಿಂದಿನ ಸಾಲಿನಲ್ಲಿ ಕೂರುವಷ್ಟು ಉದಾರ ಮನಸ್ಸು ನಮಗಿಲ್ಲ. ಅಭಿಪ್ರಾಯ ದಾಖಲಾಗುವ ಸದಸ್ಯತ್ವವೇ ಬೇಕು. ಪ್ರತಿ ಸಭೆಯ ನಡಾವಳಿಯಲ್ಲಿ ‘ಮೀನುಗಾರಿಕೆಯ ಮೇಲಿನ ಪರಿಣಾಮ’ ಎಂಬ ಕಲಂ ಇರಬೇಕು, ಖಾಲಿ ಬಿಡಬಾರದು.

2. ಬೇಸಿಗೆಯ ಕೊನೆಗೆ ಇಷ್ಟು ನೀರು ಮೀನಿಗೆ ಎಂದು ಕನಿಷ್ಠ ಮಟ್ಟ ನಿಗದಿ ಮಾಡಬೇಕು.

ಕಟ್ಟಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788ಕ್ಕೆ ಬಂದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದರ ಹಿಂದೆಯೇ ಗೇಟುಗಳ ಸ್ಥಿತಿ ನೋಡಿ 2025ರಲ್ಲಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಹೀಗೆ ನೀರು ಕಡಿಮೆಯಾದಷ್ಟೂ ಎಲ್ಲರ ಕೈಯೂ ತಳದ ನೀರಿನತ್ತ ಹೋಗುತ್ತದೆ. ಬರಗಾಲದ ವರ್ಷಗಳಲ್ಲಿ ಮೇ ತಿಂಗಳ ಹೊತ್ತಿಗೆ ಒಂದಂಕಿಯ ಟಿಎಂಸಿಗೆ ಇಳಿದದ್ದನ್ನು ನೀವೂ ನೋಡಿದ್ದೀರಿ, ನಾವೂ ನೋಡಿದ್ದೇವೆ. ಆಗ ಅಷ್ಟಗಲದ ಜಲಾಶಯದ ಮೀನೆಲ್ಲ ಹಳೆ ಹೊಳೆಯ ಪಾತ್ರಕ್ಕೆ ಬಂದು ಸೇರುತ್ತದೆ. ನೀರು ಕಾಯುತ್ತದೆ, ಉಸಿರು ಕಡಿಮೆಯಾಗುತ್ತದೆ. ಹಿಡಿಯುವವನಿಗೆ ಅದು ಸುಗ್ಗಿಯಂತೆ ಕಾಣುತ್ತದೆ. ಮಳೆ ಬಂದ ಕೂಡಲೇ ತತ್ತಿ ಇಡಬೇಕಿದ್ದ ತಾಯಿಮೀನು ಮಳೆಗೆ ಒಂದು ತಿಂಗಳು ಮೊದಲೇ ತಕ್ಕಡಿ ಏರುತ್ತದೆ.

ಕುಡಿಯುವ ನೀರಿಗೆ ಅಡ್ಡ ಬರುವ ಮನಸ್ಸು ನಮಗಿಲ್ಲ. ಅದು ಬಿಟ್ಟು ಉಳಿದ ಯಾವ ಬಳಕೆಯೂ ಮುಟ್ಟಬಾರದ ಒಂದು ಗೆರೆ ಬೇಕು. ಆ ಗೆರೆ ಎಲ್ಲಿ ಎಂಬುದನ್ನು ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅಳೆಸಿ. ಅದರ ಕೇಂದ್ರ ಬೆಂಗಳೂರಿನಲ್ಲೇ ಇದೆ, ಕೊಲ್ಕತ್ತೆಯ ದಾರಿ ಕಾಯಬೇಕಿಲ್ಲ.

ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದಾಗ ರೈತರು ಪರಿಹಾರ ಕೇಳಿದರು. ಕೇಳಿದ್ದು ನ್ಯಾಯ, ನಾವು ಅವರ ಜೊತೆಗಿದ್ದೇವೆ. ದುರಸ್ತಿಗಾಗಿ ನೀರು ಇಳಿಸಿದ ವರ್ಷ ಮೀನುಗಾರನಿಗೂ ದುಡಿಮೆ ನಷ್ಟವಾಗುತ್ತದೆ. ಅಂಥ ವರ್ಷಗಳ ಪರಿಹಾರ ಪಟ್ಟಿಯಲ್ಲಿ ಪರವಾನಗಿ ಪಡೆದ ಪ್ರತಿ ಮೀನುಗಾರನ ಹೆಸರೂ ಇರಬೇಕು.

3. ಬಿತ್ತುವ ಮರಿಗಳಲ್ಲಿ ಈ ಹೊಳೆಯ ಮೀನಿಗೆ ಮೊದಲ ಪಾಲು ಕೊಡಬೇಕು.

ಇದು ನಮಗೆ ಎಲ್ಲಕ್ಕಿಂತ ದೊಡ್ಡ ಬೇಡಿಕೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇವೆ.

ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯ ಮೀನುಗಳು. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಪರದೇಶದವು. ಇವುಗಳ ಮರಿ ಬಿಡುವುದನ್ನು ನಾವು ವಿರೋಧಿಸುತ್ತಿಲ್ಲ. ಕಾಟ್ಲಾ ಬೇಗ ಬೆಳೆಯುತ್ತದೆ, ಮಾರುಕಟ್ಟೆ ಇದೆ, ಅದರಿಂದ ಮಕ್ಕಳ ಶಾಲೆ ಫೀಜು ಕಟ್ಟಿದವರು ನಮ್ಮಲ್ಲೇ ಇದ್ದಾರೆ. ಆದರೆ ತುಂಗಭದ್ರೆಗೆ ತನ್ನದೇ ಮೀನುಗಳಿದ್ದವು: ಕೆಮ್ಮೀನು, ಕಾಗೆ ಮೀನು, ಅರ್ಜ, ಹರಗಿ, ಬಾಳೆ. ಇವುಗಳಲ್ಲಿ ಹರಗಿಯ ಗತಿ ನೋಡಿ. ನೀರೊಳಗಿನ ಹುಲ್ಲು, ಮುಳುಗಿದ ಗಿಡಗಂಟಿ ಮೇಯುವ ದೊಡ್ಡ ಗೆಂಡೆ ಅದು. ಜಲಾಶಯ ಹೊಸದಾಗಿ ತುಂಬಿದ ಕಾಲದಲ್ಲಿ ಮುಳುಗಿದ ಹೊಲಗಳ ಮೇಲೆ ಅದಕ್ಕೆ ಹಬ್ಬವೇ ಆಗಿತ್ತು. ಇವತ್ತು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಮೀನು. ಹುಲ್ಲು ತಿನ್ನಲೆಂದು ಚೀನಾ ಮೂಲದ ಹುಲ್ಲುಗೆಂಡೆಯನ್ನು ತಂದು ಬಿಡುತ್ತೇವೆ. ಅದೇ ಕೆಲಸ ಮಾಡುತ್ತಿದ್ದ ಮನೆಯ ಮೀನು ಹೆಸರಿಗೂ ಉಳಿಯುವುದು ಅನುಮಾನ.

ಬಾಳೆ, ಸುಲಭಕ್ಕೆ ಕಣ್ಣಿಗೆ ಬೀಳದ ಸಿಲೋನಿಯಾದಂಥ ಬೇಟೆಮೀನುಗಳ ಬಗ್ಗೆ ಇನ್ನೊಂದು ಮಾತು. ‘ಇವು ಬಿತ್ತಿದ ಮರಿ ತಿಂದುಬಿಡುತ್ತವೆ’ ಎಂಬ ದೂರು ಮೊದಲಿನಿಂದಲೂ ಇದೆ. ತಿನ್ನುತ್ತವೆ, ಅದು ಅವುಗಳ ಕೆಲಸ. ಬೆರಳುದ್ದಕ್ಕಿಂತ ಸಣ್ಣ ಮರಿಯನ್ನು ಲಕ್ಷಗಟ್ಟಲೆ ಸುರಿದು ಫೋಟೊ ತೆಗೆಸಿಕೊಂಡರೆ ಅದು ಬಾಳೆಗೆ ಹಾಕಿದ ಊಟವೇ. ದೊಡ್ಡ ಜಲಾಶಯಕ್ಕೆ 100 ಮಿಲಿಮೀಟರಿಗಿಂತ ಉದ್ದದ ಮರಿ ಬಿಡಬೇಕು ಎಂದು ವಿಜ್ಞಾನಿಗಳು ಬಹಳ ಹಿಂದೆಯೇ ಹೇಳಿದ್ದಾರೆ. ಆದ್ದರಿಂದ:

ಅ) ಪ್ರತಿ ವರ್ಷ ಬಿಡುವ ಮರಿಗಳಲ್ಲಿ ಕನಿಷ್ಠ ಮೂರನೇ ಒಂದು ಪಾಲು ಹರಗಿ, ಕೆಮ್ಮೀನು, ಕಾಗೆ ಮೀನಿನಂಥ ಸ್ಥಳೀಯ ತಳಿಗಳದ್ದಾಗಿರಬೇಕು.

ಆ) ಹರಗಿ ಮತ್ತು ಕೆಮ್ಮೀನಿನ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಹೆಸರಘಟ್ಟ ಕೇಂದ್ರ ಕಂಡುಕೊಂಡಿದೆ. ಅದನ್ನು ಟಿ.ಬಿ. ಡ್ಯಾಮಿನ ಮೀನುಮರಿ ಕೇಂದ್ರಕ್ಕೆ ತರಬೇಕು. ತಾಯಿಮೀನು ಇದೇ ಹೊಳೆಯದ್ದಾಗಿರಬೇಕು. ಎಲ್ಲಿಂದಲೋ ತಂದು ತಳಿ ಬೆರಸಬಾರದು.

ಇ) ಮರಿ ಬಿಡುವ ದಿನ ಎಣಿಕೆ ಮತ್ತು ಅಳತೆ ಮೀನುಗಾರರ ಎದುರು ನಡೆಯಬೇಕು. ಎಣಿಸಿದ ಹಾಳೆಗೆ ನಮ್ಮ ಸಹಿ ಇಲ್ಲದಿದ್ದರೆ ಬಿಲ್ಲು ಪಾಸಾಗಬಾರದು.

4. ಹೊರಗಿನ ಅಪಾಯದ ಮೀನಿಗೆ ಬಾಗಿಲು ಮುಚ್ಚಬೇಕು.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿ ಎರಡು ದಶಕಕ್ಕೂ ಮೇಲಾಯಿತು. ಆದರೂ ಹೊಂಡ ತೋಡಿ, ಕೋಳಿ ಅಂಗಡಿಯ ತ್ಯಾಜ್ಯ ಹಾಕಿ ಸಾಕುವವರು ನಿಂತಿಲ್ಲ. ಮಳೆಗೆ ಹೊಂಡ ತುಂಬಿ ಒಡೆದರೆ ಅದು ಹಳ್ಳಕ್ಕೆ, ಹಳ್ಳದಿಂದ ಜಲಾಶಯಕ್ಕೆ. ಹಿನ್ನೀರಿಗೆ ಹರಿಯುವ ಹಳ್ಳಗಳ ಸುತ್ತಲಿನ ಅಂಥ ಹೊಂಡಗಳನ್ನು ತಹಸೀಲ್ದಾರರು ಹುಡುಕಿ ಮುಚ್ಚಿಸಬೇಕು.

1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಎಂಥ ಕೆರೆಯನ್ನೂ ತನ್ನದನ್ನಾಗಿ ಮಾಡಿಕೊಳ್ಳಬಲ್ಲದು ಎಂಬುದಕ್ಕೆ ಹೊಸ ಸಾಕ್ಷಿ ಬೇಕಿಲ್ಲ. ಜಲಾಶಯದಲ್ಲಿ ಪಂಜರ ಕಟ್ಟಿ ಮೀನು ಸಾಕುವ ಯೋಜನೆ ಬರುವುದಾದರೆ ಜಿಲೇಬಿಯಾಗಲಿ ಪಂಗಾಸಿಯಸ್ ಆಗಲಿ ಅದರಲ್ಲಿ ಇರಕೂಡದು. ಗಾಳಿಗೆ ಪಂಜರ ಹರಿಯುವ ದಿನ ಬಂದೇ ಬರುತ್ತದೆ. ಈ ಹಿನ್ನೀರಿನ ಆಷಾಢದ ಗಾಳಿ ನಮಗೆ ಗೊತ್ತು. ಪಂಜರ ಬೇಕೇ ಬೇಕೆಂದರೆ ಸ್ಥಳೀಯ ಮೀನಿನ ಮರಿಯನ್ನು ಬಿತ್ತನೆ ಗಾತ್ರಕ್ಕೆ ಬೆಳೆಸಲು ಕಟ್ಟಲಿ, ಅದನ್ನು ಮೀನುಗಾರರ ಸಹಕಾರ ಸಂಘಕ್ಕೇ ಕೊಡಲಿ.

5. ತತ್ತಿ ಇಡುವ ಕಾಲದಲ್ಲಿ ರಜೆ, ರಜೆಗೆ ಕೂಲಿ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲ. ನಮ್ಮ ಹೊಳೆಗೆ ಹೊಸ ನೀರು ಬರುವ ಸಮಯ ಬೇರೆ. ಮಲೆನಾಡಿನಲ್ಲಿ ಮಳೆ ಹಿಡಿದು, ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿ, ಗಳಗನಾಥದಲ್ಲಿ ವರದೆ ಕೂಡಿ, ಕೆಂಪು ನೀರು ಹಿನ್ನೀರಿಗೆ ನುಗ್ಗುವುದು ಜೂನ್ ಕೊನೆ ಅಥವಾ ಜುಲೈ. ಆದ್ದರಿಂದ ಜೂನ್ 15ರಿಂದ ಆಗಸ್ಟ್ 15ರವರೆಗೆ ಇಡೀ ಜಲಾಶಯದಲ್ಲಿ ಬಲೆ ನಿಲ್ಲಿಸಲು ನಾವು ಒಪ್ಪುತ್ತೇವೆ. ನಾವೇ ಕೇಳುತ್ತಿದ್ದೇವೆ ಎಂದು ಬರೆದುಕೊಳ್ಳಿ.

ಆದರೆ ಎರಡು ತಿಂಗಳು ಒಲೆ ಹೇಗೆ ಉರಿಯಬೇಕು? ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರ 1,500 ರೂಪಾಯಿ ಹಾಕಿದರೆ ಸರ್ಕಾರ 3,000 ಸೇರಿಸಿ, ದುಡಿಮೆ ಇಲ್ಲದ ಮೂರು ತಿಂಗಳಲ್ಲಿ ಹಂಚಿ ಕೊಡುವ ವ್ಯವಸ್ಥೆ ಇದೆ. ತಿಂಗಳಿಗೆ 1,500 ರೂಪಾಯಿ, ಅದರಲ್ಲಿ ಐನೂರು ನಮ್ಮದೇ ದುಡ್ಡು. ಈಗಿನ ಅಕ್ಕಿ ಬೆಲೆಗೆ ಇದು ಎಷ್ಟು ದಿನ ಎಂದು ಲೆಕ್ಕ ಹಾಕಲು ಸಂಶೋಧನೆ ಬೇಕಿಲ್ಲ. ರಜೆಯ ಪ್ರತಿ ದಿನಕ್ಕೆ ಉದ್ಯೋಗ ಖಾತ್ರಿಯ ಕೂಲಿಗೆ ಸಮನಾದ ಮೊತ್ತ ಕೊಡಿ. ಆ ದಿನಗಳಲ್ಲಿ ಕೂತು ತಿನ್ನುವ ಆಸೆ ನಮಗಿಲ್ಲ. ಹಿನ್ನೀರಿನ ತಳದಲ್ಲಿ ಸಿಕ್ಕಿಬಿದ್ದ ಹರಿದ ನೈಲಾನ್ ಬಲೆಗಳು ವರ್ಷಗಟ್ಟಲೆ ಸುಮ್ಮನೆ ಮೀನು ಕೊಲ್ಲುತ್ತಿವೆ. ಅವನ್ನು ಎತ್ತುವ ಕೆಲಸ ನಮಗೆ ಕೊಡಿ.

6. ಅಲಿವಿ ಬಲೆಯನ್ನು ಹಂತ ಹಂತವಾಗಿ ನಿಲ್ಲಿಸಬೇಕು, ಎಳೆಯುವವರನ್ನು ಬೀದಿಗೆ ತಳ್ಳದೆ.

ಈಗ ನಮ್ಮ ಪಾಲಿನ ಮಾತು. ಅಲಿವಿ ಎಂದರೆ ದಂಡೆಯಿಂದ ಎಳೆಯುವ ಭಾರೀ ಬಲೆ, ಕಣ್ಣು ಸಣ್ಣದು. ಸುತ್ತು ಹಾಕಿ ಎಳೆದರೆ ಆಳವಿಲ್ಲದ ನೀರಿನಲ್ಲಿದ್ದದ್ದೆಲ್ಲ ಬರುತ್ತದೆ, ಹೋದ ತಿಂಗಳು ಸರ್ಕಾರ ಬಿಟ್ಟ ಮರಿಯೂ ಬರುತ್ತದೆ. ಮರಿ ಬಿಡಲು ಒಂದು ಖರ್ಚು, ಬೆಳೆಯುವ ಮೊದಲೇ ಅದನ್ನು ಒಣಮೀನಿನ ರಾಶಿಗೆ ಸೇರಿಸಲು ಇನ್ನೊಂದು ಬಲೆ. ನಮ್ಮೊಳಗೇ ಇದರ ಬಗ್ಗೆ ಜಗಳ ಇದೆ, ಈ ಪತ್ರ ಬರೆಯುವಾಗಲೂ ನಡೆಯಿತು. ಅಲಿವಿ ಎಳೆಯುವ ಕೂಲಿಗಳು ಬಲೆಯ ಒಡೆಯರಲ್ಲ, ಮುಂಗಡ ಪಡೆದು ಸಿಕ್ಕಿಕೊಂಡವರು. ದಾಳಿ ಮಾಡಿ ಬಲೆ ಸುಟ್ಟರೆ ಸಾಲ ಅವರ ತಲೆಗೆ ಬರುತ್ತದೆ, ಒಡೆಯ ಹೊಸ ಬಲೆ ತರುತ್ತಾನೆ.

ಎರಡು ವರ್ಷದ ಗಡುವು ಕೊಡಿ. ಅಲಿವಿ ತಂದು ಒಪ್ಪಿಸಿದ ಗುಂಪಿಗೆ ದೊಡ್ಡ ಕಣ್ಣಿನ ಬೀಡುಬಲೆ ಮತ್ತು ಹರಿಗೋಲು ಉಚಿತವಾಗಿ ಕೊಡಿ. ಮುಂಗಡದ ಸಾಲವನ್ನು ಸಹಕಾರ ಬ್ಯಾಂಕಿನ ಸಾಲವಾಗಿ ಬದಲಿಸಿ. ಗಡುವು ಮುಗಿದ ಮೇಲೆ ಕೇಸು ಬಲೆಯ ಒಡೆಯನ ಮೇಲೆ ಬೀಳಲಿ, ಎಳೆದವನ ಮೇಲಲ್ಲ.

7. ಮಡುಗಳಿಗೆ ರಕ್ಷಣೆ.

ಇದೇ ತುಂಗೆಯ ಮೇಲ್ಭಾಗದಲ್ಲಿ ಶೃಂಗೇರಿಯ ಮಠದ ಮುಂದಿನ ಮೀನನ್ನಾಗಲಿ ತೀರ್ಥಹಳ್ಳಿ ಬಳಿಯ ಚಿಬ್ಬಲಗುಡ್ಡೆಯ ಮೀನನ್ನಾಗಲಿ ಯಾರೂ ಮುಟ್ಟುವುದಿಲ್ಲ. ಅಲ್ಲಿ ದೇವರ ಭಯ ಮಾಡಿದ ಕೆಲಸವನ್ನು ಇಲ್ಲಿ ಆದೇಶ ಮಾಡಬೇಕಾಗಿದೆ, ಏನು ಮಾಡುವುದು. ಬೇಸಿಗೆಯಲ್ಲಿ ಮೀನು ಬಂದು ಸೇರುವ ಹಳೆ ಹೊಳೆಯ ಮಡುಗಳನ್ನು ಮೀನುಗಾರರೇ ತೋರಿಸುತ್ತೇವೆ. ಅವುಗಳಲ್ಲಿ ಐದನ್ನಾದರೂ ವರ್ಷವಿಡೀ ಬಲೆ ಬೀಳದ ಜಾಗ ಎಂದು ಘೋಷಿಸಿ, ತೇಲುವ ಗುರುತು ಕಟ್ಟಿ, ಕಾವಲಿಗೆ ನಮ್ಮ ಯುವಕರನ್ನೇ ಸಂಬಳ ಕೊಟ್ಟು ನೇಮಿಸಬೇಕು. ಎಲ್ಲಿ ಮೀನು ಅವಿತಿದೆ ಎಂದು ಬಲ್ಲವನನ್ನು ಬಿಟ್ಟು ಬೇರೆಯವನು ಕಾಯಲಾರ.

8. ಮೇಲಕ್ಕೆ ಹೋಗುವ ದಾರಿ ಬಿಡಬೇಕು.

ಅಣೆಕಟ್ಟಿಗೆ ಮೀನಿನ ಏಣಿ ಕಟ್ಟಿ ಎಂದು ನಾವು ಕೇಳುವುದಿಲ್ಲ. ಅಷ್ಟೆತ್ತರ ಹತ್ತುವ ಮೀನು ಇಲ್ಲ, ಆ ದುಡ್ಡು ದಂಡ. ಆದರೆ ಜಲಾಶಯದ ತಲೆಯ ಕಡೆ ದಾರಿ ತೆರೆದಿರಬೇಕು. ಹಿನ್ನೀರಿನಿಂದ ಮೇಲೆ ಈಜಿ ಹರಿವಿನಲ್ಲಿ ತತ್ತಿ ಇಟ್ಟು ಬರುವ ಮೀನಿಗೆ ಈಗ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯ ಬ್ಯಾರೇಜು ಅಡ್ಡ ನಿಂತಿದೆ. ಸಿಂಗಟಾಲೂರು ಏತ ನೀರಾವರಿ ರೈತರಿಗೆ ಬೇಕು, ಅದರಲ್ಲಿ ತಕರಾರಿಲ್ಲ. ಮುಂಗಾರಿನ ಮೊದಲ ಪ್ರವಾಹದ ಕೆಲವು ವಾರ ಗೇಟುಗಳನ್ನು ಪೂರ್ತಿ ಎತ್ತಿಟ್ಟರೆ, ಪಕ್ಕದಲ್ಲಿ ಮೀನು ಹತ್ತುವ ಸಣ್ಣ ಹಾದಿ ಕಟ್ಟಿದರೆ ಬೆಳೆಗೆ ಹಾನಿ ಇಲ್ಲ. ಬ್ಯಾರೇಜಿನ ಕೆಳಗೆ ದಾರಿ ಸಿಗದೆ ಗುಂಪುಗೂಡುವ ಮೀನನ್ನು ಅಲ್ಲೇ ಬಾಚುವುದನ್ನು ಒಂದು ಕಿಲೋಮೀಟರ್ ಉದ್ದಕ್ಕೂ ನಿಷೇಧಿಸಬೇಕು. ಅದು ಬೇಟೆಯಲ್ಲ, ಬಾಗಿಲಲ್ಲಿ ನಿಂತವರನ್ನು ದೋಚುವುದು.

ಹೊಳೆಯ ಮರಳು, ಜಲ್ಲಿ ತೆಗೆಯುವುದಕ್ಕೂ ಇದೇ ಮಾತು. ತತ್ತಿ ಇಡುವ ತಳವನ್ನೇ ಲಾರಿಗೆ ತುಂಬಿದ ಮೇಲೆ ದಾರಿ ಬಿಟ್ಟು ಪ್ರಯೋಜನವಿಲ್ಲ. ಹೂಳಿನಿಂದ ಕಳೆದುಕೊಂಡ ನೀರಿಗೆ ಬದಲಾಗಿ ನವಲಿಯ ಬಳಿ ಸಮತೋಲನ ಜಲಾಶಯ ಕಟ್ಟುವುದಾದರೆ ಅದರ ಯೋಜನಾ ವರದಿಯಲ್ಲೇ ಮೀನುಗಾರಿಕೆಯ ಅಧ್ಯಾಯ ಇರಬೇಕು. ಅಲ್ಲಿ ಮುಳುಗುವವರಿಗೆ ಮೀನು ಹಿಡಿಯುವ ಮೊದಲ ಹಕ್ಕು ಬರೆದುಕೊಡಬೇಕು. 1953ರಲ್ಲಿ ಆ ಮಾತನ್ನು ಯಾರೂ ಬರೆದುಕೊಡಲಿಲ್ಲ.

9. ನೀರು ಹಸಿರಾದಾಗ ನಮಗೆ ಉತ್ತರ ಬೇಕು.

ಭದ್ರಾವತಿ, ಹರಿಹರದ ಕೆಳಗೆ ಹೊಳೆಯಲ್ಲಿ ಮೀನು ಸತ್ತು ತೇಲಿದ ಕಥೆ ಹಳೆಯದು. ಕಾರ್ಖಾನೆಯ ನೀರಿನ ವಿರುದ್ಧ 1980ರ ದಶಕದಲ್ಲೇ ಹೋರಾಟ ನಡೆದು ಕೋರ್ಟಿನವರೆಗೆ ಹೋಗಿತ್ತು. ಈಗಿನ ಕಾಟ ನಿಧಾನದ್ದು. ಊರುಗಳ ಕೊಳಚೆ, ಹೊಲಗಳ ಗೊಬ್ಬರ, ಎಣ್ಣೆ ಎಲ್ಲವೂ ಹಿನ್ನೀರಿಗೆ ಬಂದು ನಿಲ್ಲುತ್ತವೆ. ಮಳೆ ನಿಂತು ಬಿಸಿಲು ಬಿದ್ದಾಗ ನೀರಿನ ಮೇಲೆ ಪಾಚಿ ಎದ್ದು ದಂಡೆಯ ತುಂಬ ಹಸಿರು ಬಣ್ಣ ಕದಡಿದ ಹಾಗೆ ಆಗುತ್ತದೆ. ಬಲೆ ಜಾರುತ್ತದೆ, ಕೈ ತುರಿಸುತ್ತದೆ, ಹೊಸಪೇಟೆಯ ಗಿರಾಕಿ ‘ಡ್ಯಾಂ ಮೀನಾ? ಬೇಡ’ ಎನ್ನುತ್ತಾನೆ.

ಮಾಲಿನ್ಯ ನಿಯಂತ್ರಣ ಮಂಡಳಿ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಎರಡು ವಾರಕ್ಕೊಮ್ಮೆ ಹಿನ್ನೀರಿನ ಹಲವು ಕಡೆ ನೀರು ಪರೀಕ್ಷಿಸಬೇಕು. ಪಾಚಿಯ ವಿಷ, ಕೀಟನಾಶಕ, ಗಣಿ ಮತ್ತು ಉಕ್ಕಿನ ಕಡೆಯಿಂದ ಬರುವ ಲೋಹ ಎಲ್ಲವನ್ನೂ ಮೀನಿನ ಮಾಂಸದಲ್ಲೂ ನೋಡಬೇಕು. ವರದಿಯನ್ನು ಕನ್ನಡದಲ್ಲಿ ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು. ಮೀನು ತಿನ್ನಲು ಯೋಗ್ಯವಾಗಿದ್ದರೆ ಹಾಗೆಂದು ಹೇಳಿ, ನಮ್ಮ ವ್ಯಾಪಾರ ಉಳಿಯುತ್ತದೆ. ಇಲ್ಲದಿದ್ದರೂ ಹೇಳಿ, ನಮ್ಮ ಮಕ್ಕಳೂ ಅದನ್ನೇ ತಿನ್ನುತ್ತಾರೆ.

ನೀರು ಇಳಿದ ಮೇಲೆ ತೆರೆದುಕೊಳ್ಳುವ ಮುಳುಗಡೆ ಜಮೀನಿನಲ್ಲಿ ಬೆಳೆ ಹಾಕುವವರು ಅಲ್ಲಿ ಕೀಟನಾಶಕ ಹೊಡೆಯದಂತೆ ತುಂಗಭದ್ರಾ ಮಂಡಳಿ ನೋಡಿಕೊಳ್ಳಬೇಕು. ನಾಲ್ಕು ತಿಂಗಳಲ್ಲಿ ಅದೇ ನೆಲ ಮೀನುಮರಿ ಆಡುವ ಜಾಗ.

10. ಜಲಾಶಯವನ್ನು ಒಬ್ಬ ಗುತ್ತಿಗೆದಾರನಿಗೆ ಎಂದೂ ಒಪ್ಪಿಸಬಾರದು.

ಹೆಚ್ಚು ಕೂಗಿದವನಿಗೆ ಹರಾಜು ಹೋದ ನೀರಿನಲ್ಲಿ ಮೀನು ಉಳಿಯುವುದಿಲ್ಲ. ಗುತ್ತಿಗೆ ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ತೆಗೆಯಬೇಕಾದವನು ನಾಳೆಯ ಮರಿಯನ್ನು ಏಕೆ ಉಳಿಸಿಯಾನು? ಪರವಾನಗಿ ನೇರವಾಗಿ ಮೀನುಗಾರನಿಗೆ, ಮೀನುಗಾರ ಮಹಿಳೆಗೆ ಸಿಗಬೇಕು. ಪರವಾನಗಿಯ ಸಂಖ್ಯೆಗೆ ಮಿತಿ ಇರಲಿ. ಅದನ್ನು ಮಂಡಳಿ, ಇಲಾಖೆ, ಸಹಕಾರ ಸಂಘಗಳು ಕೂಡಿ ಕೂತು ನಿರ್ಧರಿಸಲಿ. ಎರಡು ತಲೆಮಾರಿನಿಂದ ಇಲ್ಲಿರುವ ತೆಲುಗು ಮಾತಾಡುವ ಕುಟುಂಬಗಳೂ ಈ ಪಟ್ಟಿಯಲ್ಲಿ ಇರಬೇಕು ಎಂಬುದು ನಮ್ಮ ಒಮ್ಮತ. ಬಲೆ ಹಿಡಿಯದೆ ಪರವಾನಗಿ ಹಿಡಿದವರನ್ನು ತೆಗೆಯಿರಿ. ಅಂಥವರು ಯಾರೆಂದು ದಂಡೆಯ ಮೇಲೆ ಎಲ್ಲರಿಗೂ ಗೊತ್ತು.

11. ತಕ್ಕಡಿ, ಐಸು, ಮುಂಗಡ.

ಮೀನು ನೀರಿನಿಂದ ಬಂದ ಮೇಲೆ ಕಾಯುವುದಿಲ್ಲ, ಅದೇ ದಲ್ಲಾಳಿಯ ಬಲ. ದಂಡೆಯ ಮುಖ್ಯ ಇಳಿದಾಣಗಳಲ್ಲಿ ಸಂಘದ ಐಸ್ ಪೆಟ್ಟಿಗೆ, ಮುದ್ರೆ ಹಾಕಿದ ವಿದ್ಯುನ್ಮಾನ ತಕ್ಕಡಿ, ಅಂದಿನ ದರ ಬರೆದ ಹಲಗೆ ಬೇಕು. ಬುಟ್ಟಿ ಹೊತ್ತು ಮನೆಮನೆಗೆ ಹೋಗುವ, ಹೆದ್ದಾರಿ ಬದಿಯಲ್ಲಿ ಮೀನು ಹುರಿದು ಮಾರುವ ಹೆಣ್ಣುಮಕ್ಕಳಿಗೆ ನೆರಳು, ನೀರು, ಶೌಚಾಲಯ ಇರುವ ಮಾರುವ ಕಟ್ಟೆ ಬೇಕು. ಮೀನುಗಾರ ಎಂಬ ಗುರುತಿನ ಚೀಟಿ ಅವರ ಹೆಸರಿಗೂ ಬೇಕು. ಈಗ ಸವಲತ್ತೆಲ್ಲ ಗಂಡಸಿನ ಹೆಸರಿಗೆ ಬರುತ್ತದೆ, ಅರ್ಧ ಕೆಲಸ ಇವರದು.

12. ಕಾಲುವೆ ಬಂದ್ ಮಾಡುವ ಮೊದಲು ಸಂಘಗಳಿಗೆ ತಿಳಿಸಬೇಕು.

ನೀರು ನಿಲ್ಲಿಸಿದಾಗ ಕಾಲುವೆಯ ಗುಂಡಿಗಳಲ್ಲಿ ಮರಿಗಳು ಉಳಿದು ಸಾಯುತ್ತವೆ. ಮೂರು ದಿನ ಮೊದಲು ಹೇಳಿದರೆ ಹಿಡಿದು ತಂದು ಜಲಾಶಯಕ್ಕೆ ಬಿಡುತ್ತೇವೆ. ಬಾಡಿಗೆ ಗಾಡಿಯ ಖರ್ಚು ಮಂಡಳಿ ಕೊಡಲಿ.

13. ಜೀವಕ್ಕೆ ಭದ್ರತೆ.

ಗಾಳಿಗೆ ಹರಿಗೋಲು ಮಗುಚಿ ಸತ್ತವರ ಮನೆಗೆ ಐದು ಲಕ್ಷ ರೂಪಾಯಿ ಸಿಗುವ ವಿಮೆ ಮತ್ಸ್ಯ ಸಂಪದದಲ್ಲಿದೆ. ಹೆಸರು ನೋಂದಾಯಿಸದವರಿಗೆ ಅದು ಸಿಗುವುದಿಲ್ಲ, ನೋಂದಾಯಿಸುವವರು ದಂಡೆಗೆ ಬರುವುದಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಇಲಾಖೆಯವರು ಗುಡಿಸಲುಗಳಿಗೇ ಬಂದು ನೋಂದಣಿ ಮಾಡಬೇಕು, ಜೀವರಕ್ಷಕ ಜಾಕೆಟ್ ಕೊಡಬೇಕು. ಗೇಟು ತೆಗೆಯುವ ಮುನ್ನ ಕೆಳಗಿನ ಹೊಳೆಯಲ್ಲಿರುವವರಿಗೆ ಸೈರನ್ನಿನ ಜೊತೆ ಫೋನಿಗೂ ಕನ್ನಡ ಮತ್ತು ತೆಲುಗಿನಲ್ಲಿ ಸಂದೇಶ ಬರಬೇಕು. 19ನೇ ಗೇಟಿನ ರಾತ್ರಿಯ ನಂತರ ಇದಕ್ಕೆ ಕಾರಣ ವಿವರಿಸಬೇಕಿಲ್ಲ.

14. ಸಿಡಿಮದ್ದು ಮತ್ತು ಕರೆಂಟು.

1897ರ ಮೀನುಗಾರಿಕೆ ಕಾಯ್ದೆಯೇ ಸಿಡಿಮದ್ದನ್ನೂ ವಿಷವನ್ನೂ ನಿಷೇಧಿಸಿದೆ. ಆದರೂ ಡ್ಯಾಮಿನ ಕೆಳಗೆ ಹೊಳೆಯಲ್ಲಿ ಸಿಡಿಸುವುದು ನಿಂತಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ, ದೇಶದಲ್ಲೇ ಮೊದಲನೆಯದು. ನೀರುನಾಯಿಯ ಹೆಸರಿನಲ್ಲಿ ಬಡ ಮೀನುಗಾರನ ಹರಿಗೋಲು ತಡೆಯುವುದು ಸುಲಭ, ಸಿಡಿಮದ್ದು ಎಲ್ಲಿಂದ ಬರುತ್ತದೆ ಎಂದು ಹುಡುಕುವುದು ಕಷ್ಟ. ಕಷ್ಟದ ಕೆಲಸ ಮೊದಲು ಮಾಡಿ. ಗಣಿ, ಕಲ್ಲುಕ್ವಾರಿಗಳ ಸ್ಫೋಟಕದ ದಾಸ್ತಾನು ಪುಸ್ತಕ ತೆರೆದರೆ ಅರ್ಧ ಉತ್ತರ ಸಿಕ್ಕೀತು.

ಹಾಗೆಯೇ ಹಿನ್ನೀರಿನ ನೀರಿನಿಂದ ತುಂಬುವ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಮೀನು ಹುಡುಕಿಕೊಂಡು ನಮ್ಮ ಹಿನ್ನೀರಿಗೂ ಬರುತ್ತವೆ. ಹಕ್ಕಿ ನೋಡಲು ಬರುವವರಿಗೆ ವೀಕ್ಷಣಾ ಗೋಪುರ ಕಟ್ಟುವ ಇಲಾಖೆ, ಹಕ್ಕಿಗೆ ಊಟವಾಗುವ ಸಣ್ಣ ಮೀನಿನ ಬಗ್ಗೆಯೂ ಒಂದು ಪುಟ ಬರೆಯಲಿ.

15. ಯಾವ ಮೀನು, ಎಷ್ಟು, ಎಲ್ಲಿ: ವರ್ಷವರ್ಷದ ದಾಖಲೆ.

ಈಗಿನ ಲೆಕ್ಕದಲ್ಲಿ ಸಣ್ಣದೆಲ್ಲ ‘ಇತರೆ’. ಹರಗಿ ಒಂದು ದಿನ ಬಲೆಗೆ ಬಂದರೂ ‘ಇತರೆ’ಯಲ್ಲೇ ಮುಳುಗಿಹೋಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು. ಹಿನ್ನೀರಿನ ಪಂಚಾಯಿತಿಗಳ ದಾಖಲಾತಿಯಲ್ಲಿ ಮೀನಿನ ಭಾಗವನ್ನು ಹಿರಿಯ ಮೀನುಗಾರರನ್ನು ಕೂರಿಸಿಕೊಂಡು ಹೊಸದಾಗಿ ಬರೆಸಿ, ದಿನಗೂಲಿ ಕೊಟ್ಟು. ಅಪರೂಪದ ಮೀನು ಸಿಕ್ಕಿದರೆ ಜೀವಂತ ತಂದುಕೊಟ್ಟವರಿಗೆ ಮಾರುಕಟ್ಟೆ ಬೆಲೆಯ ಎರಡರಷ್ಟು ಕೊಟ್ಟು ಮರಿ ಕೇಂದ್ರಕ್ಕೆ ಒಯ್ಯಿರಿ.

16. ದಂಡೆಯ ಗುಡಿಸಲುಗಳಿಗೆ ಹಕ್ಕುಪತ್ರ, ಶಾಲೆಗೆ ವಾಹನ, ವಿದ್ಯುತ್ತು. ಇದನ್ನು ಹೆಚ್ಚು ವಿವರಿಸುವುದಿಲ್ಲ. ಅರ್ಜಿಗಳು ನಿಮ್ಮ ಕಚೇರಿಯಲ್ಲೇ ಇವೆ.

ಈ ಹದಿನಾರರಲ್ಲಿ ದುಡ್ಡು ಬೇಕಾದವು ಕೆಲವು. 1, 7, 10, 12 ಮತ್ತು 15ನೇ ಬೇಡಿಕೆಗಳಿಗೆ ಬೇಕಾದದ್ದು ಹೆಚ್ಚಾಗಿ ಒಂದು ಆದೇಶ, ಒಂದು ಸಭೆ. ಅವನ್ನು ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಯ ಒಳಗೆ ಮಾಡಬೇಕು. ಉಳಿದವುಗಳಿಗೆ ಯಾವ ವರ್ಷದ ಆಯವ್ಯಯದಲ್ಲಿ ಎಷ್ಟು ಎಂದು ಲಿಖಿತ ಉತ್ತರ ಬೇಕು, ಕನ್ನಡದಲ್ಲಿ. ಉತ್ತರವನ್ನು ಅಂಚೆಯಲ್ಲಿ ಕಳಿಸುವ ಬದಲು ಮಂಡಳಿಯ ಒಬ್ಬ ಜವಾಬ್ದಾರಿಯುತ ಅಧಿಕಾರಿ ಮರಿಯಮ್ಮನಹಳ್ಳಿ ಕಡೆಯ ದಂಡೆಗೆ ಒಮ್ಮೆ, ಕೊಪ್ಪಳ ಕಡೆಯ ದಂಡೆಗೆ ಒಮ್ಮೆ ಬಂದು ಓದಿ ಹೇಳಬೇಕು. ಬೆಳಗ್ಗೆ ಹತ್ತರ ನಂತರ ಬನ್ನಿ, ಅದಕ್ಕೆ ಮೊದಲು ನಾವು ನೀರಿನ ಮೇಲಿರುತ್ತೇವೆ.